ಮನೆಯವರಿಗೆ ಬಹುಮಾನವಿಲ್ಲ

ಭರಮಪ್ಪ: ನನ್ನ ಕರೇ ಕೋಟು ಎಲ್ಲೈತಿ ಅಂತ ಕೇಳಿದ್ರ ಹೂಲ್ಯಾಗ ಐತಿ ಅಂತಿ. ಕೋಟು ತಾನ ಬಸ್ ಹತ್ತಿ ಹೂಲಿಗೆ ಹೋತೇನು?

ಕೃಷ್ಣವ್ವ: ತಾನ ಯಾಕ ಹೋಗತೈತಿ, ನಮ್ಮ ತಮ್ಮ ಪರಶು ಒಯ್ದಾನ. ಜ್ವಾಳದ ಹೊಲದಾಗ ಬೆದರಗೊಂಬಿಗೆ ಹಾಕ್ಯಾನ.

ಭರಮಪ್ಪ: ನನ್ನ ಕೋಟು ಬೆದರಗೊಂಬಿಗೆ?

ಕೃಷ್ಣವ್ವ: ಚೊಲೋ ಕೆಲಸ ಮಾಡಾಕ ಹತ್ತೈತಿ. ನೀವು ಅದನ್ನ ಹಾಕ್ಕೊಂಡು ಮೂರ ವರ್ಷ ನಿಂತ್ರಿ. ನೀವು ಬಿಟ್ಟ ಮ್ಯಾಲ ಅದು ಇಪ್ಪತ್ತ ವರ್ಷದಿಂದ ನಿಂತೈತಿ. ಒಂದ ದಿನ ರಜಾ ಕೇಳಿಲ್ಲ.

ಸವದತ್ತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈ ದಂಪತಿಗಳ ಮನೆ. ಭರಮಪ್ಪನವರು ಅದೇ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. 'ಯರಗಟ್ಟಿ ಮಾರ್ಗವಾಗಿ ಬೆಳಗಾವಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ' ಎಂದು ಮೈಕಿನಲ್ಲಿ ಅವರು ಹೇಳಿದರೆ, ಧಾರವಾಡಕ್ಕೆ ಹೊರಟವರೂ ಎದ್ದು ಆ ಬಸ್ಸನ್ನೇ ಹತ್ತುತ್ತಿದ್ದರಂತೆ. ದನಿ ಅಷ್ಟು ಗಂಭೀರ. ಆ ದನಿಯನ್ನು ಮೆಚ್ಚಿಯೇ ಊರಿನ ಕೇಬಲ್ಲಿನವರು ಹಿಂದೊಮ್ಮೆ ತಮ್ಮ ಚಾನೆಲ್ಲಿನ ಆಟದ ಕಾರ್ಯಕ್ರಮಕ್ಕೆ ಅವರನ್ನು ನಿರೂಪಕರನ್ನಾಗಿ ಮಾಡಿದ್ದರು. ಕಾರ್ಯಕ್ರಮದ ಹೆಸರು 'ಹೇಳ್ರಿ, ಒಯ್ರಿ'. ಸರಿಯಾದ ಉತ್ತರ ಹೇಳಬೇಕು, ಪಾತ್ರೆ ಒಯ್ಯಬೇಕು. ಪಾತ್ರೆ ಅಂಗಡಿಯವರದು, ಪ್ರಶ್ನೆ ಭರಮಪ್ಪನವರದು, ಸ್ಟುಡಿಯೋ ಇದೇ ಮನೆಯ ಪಡಸಾಲೆ. ಹಿಂದೆ ಕಾಣುತ್ತಿದ್ದ ಹೂವಿನ ಪರದೆ ಮಾತ್ರ ಅಡುಗೆಮನೆಯ ಬಾಗಿಲಿನದು.

ಅಂಥ ಕಾರ್ಯಕ್ರಮವನ್ನು ಊರು ಮರೆತಿದೆ ಎಂದು ಕೊರಗುತ್ತಿದ್ದವರಿಗೆ ಮೊನ್ನೆ ಸಿರಸಂಗಿಯಿಂದ ಫೋನು ಬಂದಿತ್ತು. ಮಹಿಳಾ ಸಂಘದ ವಾರ್ಷಿಕೋತ್ಸವದಲ್ಲಿ 'ಹೇಳ್ರಿ, ಒಯ್ರಿ' ಮತ್ತೆ ನಡೆಯಬೇಕು, ಆ ಕಾರ್ಯಕ್ರಮದ ದನಿ ನಮಗೆ ಬೇಕೇ ಬೇಕು, ಗಾಡಿ ತಂದು ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ಅಂದಿನಿಂದ ಭರಮಪ್ಪನವರು ಉಪ್ಪುನೀರಿನಲ್ಲಿ ಗಂಟಲು ತೊಳೆಯುತ್ತಿದ್ದಾರೆ. ಇವತ್ತು ಗಾಡಿ ಬರುವ ದಿನ.

ಭರಮಪ್ಪ: ಕೋಟಿಲ್ಲದ ನಿರೂಪಕ ಅಂದ್ರ ಏನ ತಿಳದಿ? ಆಗಿನ ಟೀವಿ ನಿರೂಪಕರು ಹ್ಯಾಂಗಿದ್ರು ನೆನಪೈತೇನು? ಪರದೆ ಮ್ಯಾಲ ಬಂದು ಕೈ ಮುಗದ್ರ, ಮನ್ಯಾಗಿನ ಮುದುಕ್ಯಾರು ಸೆರಗು ಸರಿ ಮಾಡ್ಕೊಂಡು ತಿರುಗಿ ಕೈ ಮುಗೀತಿದ್ರು. ಸೋತವರಿಗೂ 'ಉತ್ತಮ ಪ್ರಯತ್ನ' ಅಂತಿದ್ರು. ಈಗಿನವರು ಗೆದ್ದವರ ಹೆಗಲ ಮ್ಯಾಲ ಜಿಗದು ಕುಣೀತಾರ.

ಕೃಷ್ಣವ್ವ: ನೀವೂ ಉತ್ತಮ ಪ್ರಯತ್ನ ಅಂತಿದ್ರಿ. ಅಂದ ಮ್ಯಾಲ 'ಪ್ರಯಾಣಿಕರು ಮುಂದಿನ ಬಸ್ಸಿಗಾಗಿ ಕಾಯಬೇಕು' ಅಂತಿದ್ರಿ.

ಭರಮಪ್ಪ: ಅದು ಒಂದ ಸಲ ಬಾಯಿ ತಪ್ಪಿ ಬಂದದ್ದು.

ಕೃಷ್ಣವ್ವ: ವಾರಾವಾರಾ ತಪ್ಪತಿತ್ತು.

ಭರಮಪ್ಪ: ಮಂದಿ ನಗತಿದ್ರೋ ಇಲ್ಲೋ? ಉತ್ತರ ಹೇಳಿದ ಮ್ಯಾಲ ನಾ ಸುಮ್ಮನ ನೋಡತಿದ್ನಿ. ಮುಂಬೈದಾಗ ದೊಡ್ಡ ದೊಡ್ಡವರು ಹಂಗ ಸುಮ್ಮನ ನೋಡಾಕ ಕಲ್ತದ್ದು ನನ್ನಿಂದ.

ಕೃಷ್ಣವ್ವ: ನಮ್ಮ ಕೇಬಲ್ ಬಸ್ ಸ್ಟ್ಯಾಂಡ್ ದಾಟತಿರಲಿಲ್ಲ. ಮುಂಬೈಗಿ ಹ್ಯಾಂಗ ಹೋತು? ನೀವು ಸುಮ್ಮನ ನೋಡತಿದ್ದದ್ದು ಸರಿ ಉತ್ತರ ನಿಮಗೂ ಗೊತ್ತಿಲ್ಲ ಅಂತ.

ಭರಮಪ್ಪ: ಜಗಳ ಮಾಡಂಗಿಲ್ಲ ನಾ. ದನಿ ಉಳಸಬೇಕು. ಊಟಕ್ಕ ಹಾಕು, ಗಾಡಿ ಬರೂ ಹೊತ್ತಾತು.

ಕೃಷ್ಣವ್ವ: ಬ್ಯಾಳಿ ಇನ್ನ ಬೆಂದಿಲ್ಲ.

ಭರಮಪ್ಪ: ಊರ ಮಂದಿಯೆಲ್ಲ ಕುಕ್ಕರ ಸೀಟಿ ಹೊಡಿಸಿ ಉಂಡು ಮಲಗ್ಯಾರ. ನಮ್ಮ ಮನ್ಯಾಗ ಇನ್ನೂ ಗಡಿಗಿ. ನಾ ತಂದ ಕುಕ್ಕರ ತಂಗಿಗೆ ಕೊಟ್ಟಿ. ಸೊಸಿ ತಂದದ್ದು ಬಾಜೂ ಮನಿಗೆ ಕೊಟ್ಟಿ.

ಕೃಷ್ಣವ್ವ: ತಂದ ಕುಕ್ಕರ ನನಗ ಬ್ಯಾಡ. ಗೆದ್ದ ಕುಕ್ಕರ ಬೇಕು. ಅದನ್ನ ನೀವು ಕೊಡಲಿಲ್ಲ.

ಭರಮಪ್ಪನವರು ಉಪ್ಪುನೀರಿನ ಲೋಟ ಕೆಳಗಿಟ್ಟರು. ಈ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷಗಳಿಂದ ಇವರ ಮನೆಯ ಎಲ್ಲ ಜಗಳಗಳೂ, ಹಾಲಿನ ವಿಷಯಕ್ಕೆ ಹುಟ್ಟಿರಲಿ, ಸೊಳ್ಳೆಯ ವಿಷಯಕ್ಕೆ ಹುಟ್ಟಿರಲಿ, ಕೊನೆಗೆ ಕುಕ್ಕರಿಗೇ ಬಂದು ಮುಟ್ಟುತ್ತಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಭೀಮಶಿ ಕಾಣಿಸಿಕೊಂಡರು. ಭರಮಪ್ಪನವರ ಬಾಲ್ಯದ ಗೆಳೆಯ. ಮದುವೆಗಳ ಫೋಟೋ ತೆಗೆಯುವುದು ಅವರ ಉದ್ಯೋಗ. 'ಹೇಳ್ರಿ, ಒಯ್ರಿ'ಗೆ ಕ್ಯಾಮರಾ ಹಿಡಿದವರೂ ಅವರೇ, ಒಂದು ಕೈಯಿಂದ ಊಟದ ಗಂಗಾಳ ಬಾರಿಸಿದವರೂ ಅವರೇ. ಸರಿ ಉತ್ತರಕ್ಕೆ ಒಂದೇ ಪೆಟ್ಟು, ತಪ್ಪು ಉತ್ತರಕ್ಕೆ ಸುರಿಮಳೆ. ಈಗಲೂ ಅವರ ಕಂಕುಳಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಗಾಳವಿತ್ತು.

ಭೀಮಶಿ: ದೋಸ್ತ, ತಯಾರಾದಿ? ನೋಡ, ಗಂಗಾಳ ತಿಕ್ಕಿ ತಂದೇನಿ.

ಕೃಷ್ಣವ್ವ: ತೋರಸ್ರಿ ಇತ್ತ. ಭೀಮಶಿ ಅಣ್ಣಾರ, ಇದು ನನ್ನ ತವರಮನಿ ಗಂಗಾಳ. ಇದನ್ನ ಕಳ್ಳರು ಒಯ್ದ್ರು ಅಂತ ಇಡೀ ಓಣಿಗೆ ಬೈದೇನಿ ನಾನು.

ಭೀಮಶಿ: ಕಳ್ಳರಲ್ರಿ ವೈನಿ, ಕಲಾವಿದರು.

ಕೃಷ್ಣವ್ವ: ನೀವ ಹೇಳ್ರಿ ಅಣ್ಣಾರ, ಕ್ಯಾಮರಾ ನಿಮ್ಮ ಕೈಯಾಗಿತ್ತು. ಅವತ್ತು ಕುಕ್ಕರ ಗೆದ್ದವರು ಯಾರು?

ಭೀಮಶಿ: ಈಗ ಯಾಕ್ರಿ ಆ ಮಾತು.

ಕೃಷ್ಣವ್ವ: ಮಲಪ್ರಭಾ ಹೊಳಿ ಎಲ್ಲಿ ಹುಟ್ಟತೈತಿ ಅಂತ ಇವರು ಕೇಳಿದ್ರು. ಉಳವಪ್ಪ ಮಾಸ್ತರು ನವಿಲುತೀರ್ಥದ ಡ್ಯಾಮಿನಾಗ ಅಂದ್ರು. ಇನ್ನೊಬ್ಬಾಂವ ನಳದಾಗ ಅಂದ. ನಾ ರೊಟ್ಟಿ ಬಡಕೋತ ಒಳಗಿಂದ ಕಣಕುಂಬಿ ಅಂದ್ನಿ. ಸರಿ ಇತ್ತೋ ಇಲ್ಲೋ?

ಭೀಮಶಿ: ಸರಿ ಇತ್ತು. ನಾ ಗಂಗಾಳ ಒಂದ ಸಲ ಬಾರಿಸಿದ್ನಿ ಸುದ್ದಾ.

ಕೃಷ್ಣವ್ವ: ಆಗ ಈ ಮಹಾರಾಯರು ಎದ್ದ ನಿಂತು ಏನಂದ್ರು? 'ನಿರೂಪಕರ ಮನೆಯವರಿಗೆ ಬಹುಮಾನವಿಲ್ಲ.' ಅಲ್ಲೆ, ಆಗಿಂದಾಗ, ನಿಂತ ನಿಲುವಿನಾಗ ನಿಯಮ ಹುಟ್ಟಿತು. ಕುಕ್ಕರ ಅಂಗಡಿಗಿ ಹೊಳ್ಳಿ ಹೋತು.

ಭರಮಪ್ಪ: ಕೊಟ್ಟಿದ್ರ ಊರಾಗ ಏನಂತಿದ್ರು? ಹೇಂತಿಗೆ ಉತ್ತರ ಹೇಳಿಕೊಟ್ಟಾನ ಅಂತಿರಲಿಲ್ಲೇನು?

ಕೃಷ್ಣವ್ವ: ನೀವು ನನಗ ಉತ್ತರ ಹೇಳಿಕೊಡೂದು. ಅದನ್ನ ಯಾರ ನಂಬತಿದ್ರು?

ಭೀಮಶಿ: ಅದು ಖರೆ ದೋಸ್ತ. ಯಾರೂ ನಂಬತಿರಲಿಲ್ಲ.

ಹೊರಗೆ ಗಾಡಿಯ ಸದ್ದಾಯಿತು. ಕೃಷ್ಣವ್ವ ಬೇಳೆ ನೋಡಲು ಪರದೆ ಸರಿಸಿ ಒಳಗೆ ಹೋದರು. ಭರಮಪ್ಪನವರು ಕೋಟಿಲ್ಲದ ಎದೆಯನ್ನು ಒಮ್ಮೆ ಸವರಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಸಂಘದ ಅಧ್ಯಕ್ಷೆ ರೇಣು ಒಳಗೆ ಬಂದಳು. ಅವಳು ಸವದತ್ತಿಯ ಮಗಳು, ಸಿರಸಂಗಿಯ ಸೊಸೆ.

ರೇಣು: ನಮಸ್ಕಾರ್ರಿ ಕಾಕಾರ. ಆ ದನಿ ಮನ್ಯಾಗ ಐತೇನ್ರಿ?

ಭರಮಪ್ಪ (ಎದ್ದು ನಿಂತು, ಗಂಟಲು ಸರಿಮಾಡಿಕೊಂಡು): ವೀಕ್ಷಕರಿಗೆ ನಮಸ್ಕಾರ. ನನ್ನ ಹೆಸರು ನಿಮಗೆಲ್ಲ ಗೊತ್ತೇ ಇದೆ.

ಭೀಮಶಿ: ವಾರಾ ಹಿಂಗ ಸುರು ಮಾಡತಿದ್ದ ನೋಡವಾ. ಒಂದ ದಿನ ಸುದ್ದಾ ಹೆಸರು ಹೇಳಲಿಲ್ಲ.

ಭರಮಪ್ಪ: ದೊಡ್ಡ ನಿರೂಪಕರು ತಮ್ಮ ಹೆಸರು ತಾವು ಹೇಳಂಗಿಲ್ಲ. ಸಣ್ಣವರು ಹೇಳತಾರ.

ರೇಣು: ಭಾಳ ಚೊಲೋ ಆತ್ರಿ ಕಾಕಾರ. ಆದ್ರ ನಾ ಕೇಳಿದ್ದು ಈ ದನಿ ಅಲ್ರಿ.

ಭರಮಪ್ಪ: ಮತ್ತ?

ರೇಣು: ಪರದೆ ಹಿಂದಿನ ದನಿ.

ಭರಮಪ್ಪನವರು ಪರದೆಯ ಕಡೆಗೆ ತಿರುಗಿದರು. ಒಳಗೆ ಗಡಿಗೆಯ ಮುಚ್ಚಳ ಕುಣಿಯುತ್ತಿತ್ತು. ಆಗ ಪರದೆಯ ಹಿಂದಿನಿಂದ ಕೃಷ್ಣವ್ವ ಎಂದಿನಂತೆ ಕೂಗಿದರು.

ಕೃಷ್ಣವ್ವ: ನೋಡ್ರಿಲ್ಲೆ, ಬಂದವರಿಗೆ ಚಾ ಮಾಡ್ಲೇನು?

ರೇಣು: ಇದ ನೋಡ್ರಿ. ಇದ ದನಿ. ಅಯ್ಯ, ನನ್ನ ಮೈಯೆಲ್ಲ ಜುಮ್ ಅಂತು.

ಭರಮಪ್ಪ: ಇದು ಚಾ ಕೇಳೂ ದನಿ. ಇದರಾಗ ಏನೈತಿ?

ರೇಣು: ನಾವು ಸಂಘದಾಗ ಇರೂ ಮಂದಿ ಅರ್ಧ ಸವದತ್ತಿ ಹೆಣ್ಣಮಕ್ಕಳ್ರಿ. ಐತವಾರ ಬಂತಂದ್ರ ನಮ್ಮವ್ವ ಟೀವಿ ಮುಂದ ಕುಂಡ್ರತಿದ್ಲು. ನೀವು ಪ್ರಶ್ನಿ ಕೇಳಿದ ಕೂಡಲೇ, 'ಸುಮ್ಮನಿರ್ರಿ, ಒಳಗಿನಾಕಿ ಏನಂತಾಳ ಕೇಳೂಣು' ಅಂತಿದ್ಲು. 'ನೋಡ್ರಿಲ್ಲೆ, ಹಾಲು ಬಂದಾವ.' 'ನೋಡ್ರಿಲ್ಲೆ, ಆ ಉತ್ತರಾ ತಪ್ಪೈತಿ, ಆ ಹುಡುಗಿಗೆ ಡಬ್ಬಿ ಕೊಡಬ್ಯಾಡ್ರಿ.' ನಾವು ನಕ್ಕು ನಕ್ಕು ಹೊಳ್ಳಾಡತಿದ್ವಿ.

ಭರಮಪ್ಪ: ಭೀಮಶಿ, ಆ ಮಾತೆಲ್ಲ ನೀ ಕತ್ತರಿಸಿ ತಗೀತೇನಿ ಅಂದಿದ್ದಿ.

ಭೀಮಶಿ: ಕತ್ತರಿಸೂ ಮಷೀನು ನನ್ನ ಹಂತೇಕ ಎಲ್ಲಿತ್ತೋ ದೋಸ್ತ.

ಭರಮಪ್ಪ: ಹಂಗಾರ ಮಂದಿ ನಗತಿದ್ದದ್ದು?

ಭೀಮಶಿ: ನಿನಗೂ ನಗತಿದ್ರು. ವೈನಿ ಮಾತಾಡಿದ ಮ್ಯಾಲ ನಿನ್ನ ಮಾರಿ ನೋಡಿ.

ಕೃಷ್ಣವ್ವ ಚಹಾದ ತಟ್ಟೆ ಹಿಡಿದು ಹೊರಗೆ ಬಂದರು. ನಿರೂಪಣೆ ತಾವೇ ಮಾಡಬೇಕೆಂಬ ವಿಷಯ ಕೇಳಿ ತಟ್ಟೆಯನ್ನು ಭೀಮಶಿಯ ಕೈಗೆ ಕೊಟ್ಟುಬಿಟ್ಟರು.

ಕೃಷ್ಣವ್ವ: ನಾನೇನು ನಿರೂಪಣಿ ಮಾಡ್ಲೆವಾ. ನನಗ ಮೈಕ್ ಹಿಡಿಯಾಕ ಬರಂಗಿಲ್ಲ. ಬೇರೆ ಯಾರನ್ನರೆ ನೋಡು.

ರೇಣು: ಕೊನಿ ಬಹುಮಾನಕ್ಕ ಕುಕ್ಕರ ಇಟ್ಟೇವ್ರಿ ಕಾಕು. ಹಳೇ ನೆನಪಿಗೆ ಇರಲಿ ಅಂತ.

ಕೃಷ್ಣವ್ವ: ಎಷ್ಟ ಲೀಟರಿಂದು?

ರೇಣು: ಐದರದ್ದು ಐತ್ರಿ.

ಕೃಷ್ಣವ್ವ: ಇಲಕಲ್ಲ ಸೀರಿ ಉಟ್ಕೊಂಡ ಬರತೇನಿ. ಚಾ ಕುಡೀರಿ ಅಲ್ಲೀತನಕ.

ಭರಮಪ್ಪ: ಮತ್ತ ನಾನು?

ರೇಣು: ನೀವು ಮುಖ್ಯ ಅತಿಥಿ ಅದೀರಲ್ರಿ ಕಾಕಾರ. ಹಾರ ತರಿಸೇವಿ, ಶಾಲು ತರಿಸೇವಿ.

ಭರಮಪ್ಪನವರು ಚಹಾ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಗಲ್ಲ ತುರಿಸಿಕೊಂಡರು. ಆಮೇಲೆ ಅವರ ಮುಖದಲ್ಲಿ, ಸರಿ ಉತ್ತರ ಗೊತ್ತಿದ್ದ ಅಪರೂಪದ ವಾರಗಳಲ್ಲಿ ಕಾಣಿಸುತ್ತಿದ್ದ ಕಳೆ ಬಂದಿತು.

ಭರಮಪ್ಪ: ಬರತೇನಿ. ಆದ್ರ ಒಂದ ಶರ್ತ. ಮುಖ್ಯ ಅತಿಥಿನ ನಿರೂಪಕರು ಪೂರಾ ಹೆಸರು ಹೇಳಿ ವೇದಿಕಿಗೆ ಪರಿಚಯ ಮಾಡಿಕೊಡಬೇಕು. ಅದು ಪದ್ಧತಿ. ಬ್ಯಾರೇದವರು ಯಾರೂ ಹೇಳಬಾರದು.

ಭೀಮಶಿ: ದೋಸ್ತ, ವೈನಿ ನಿನ್ನ ಹೆಸರು ಎಂದಾದರೂ ಹೇಳ್ಯಾರೇನು? ಮದವ್ಯಾಗ ಗಂಡನ ಹೆಸರು ಸೇರಿಸಿ ಒಡಪು ಹೇಳ್ರಿ ಅಂದ್ರ ಕೆಮ್ಮಿದವರು. ನಾನ ಫೋಟೋ ತಗದೇನಿ, ಕೆಮ್ಮೂ ಫೋಟೋ ಇನ್ನೂ ಐತಿ.

ಭರಮಪ್ಪ: ಅದಕ್ಕ ಹೇಳಿದ್ದು. ಇಡೀ ಜೀವಮಾನ 'ನೋಡ್ರಿಲ್ಲೆ'ದಾಗ ಕಳದೇನಿ. ಒಂದ ಸಲ ಮೈಕಿನಾಗ ನನ್ನ ಹೆಸರು ಅಕಿ ಬಾಯಿಂದ ಬರಲಿ. ಇಲ್ಲಾಂದ್ರ ನಾ ಬರಂಗಿಲ್ಲ.

ಕೃಷ್ಣವ್ವ (ಒಳಗಿನಿಂದ): ಬರ್ರಿ. ಹೆಸರು ಬರೂಹಂಗ ನಾ ಮಾಡತೇನಿ. ಆದ್ರ ಕಾರ್ಯಕ್ರಮದ ನಿಯಮ ಹಳೇವ ಇರತಾವಲ್ಲ?

ಭರಮಪ್ಪ: ನಿಯಮ ಅಂದ್ರ ನಿಯಮ. ಒಂದೂ ಬದಲಾಗಬಾರದು.

ರೇಣು: ನಿಯಮ ಏನೇನ್ರಿ ಕಾಕಾರ?

ಭರಮಪ್ಪ (ಮೈಕಿನ ದನಿಯಲ್ಲಿ): ಒಂದು, ಹೇಳಿದವರೇ ಒಯ್ಯಬೇಕು. ಎರಡು, ಗಂಗಾಳ ಬಾರಿಸಿದ ಮೇಲೆ ತಕರಾರು ಇಲ್ಲ. ಮೂರು, ನಿರೂಪಕರ ಮನೆಯವರಿಗೆ ಬಹುಮಾನವಿಲ್ಲ.

ಕೃಷ್ಣವ್ವ (ಒಳಗಿನಿಂದ): ಕೇಳಿದ್ರಲ್ಲ ಭೀಮಶಿ ಅಣ್ಣಾರ. ಸಾಕ್ಷಿ ಇರ್ರಿ.

ಸಿರಸಂಗಿಯ ಶಾಲೆಯ ಬಯಲು ಸಂಜೆಗೆ ತುಂಬಿತ್ತು. ಕೃಷ್ಣವ್ವನವರು ಮೊದಲ ಪ್ರಶ್ನೆಗೆ ಮೈಕನ್ನು ಸೌಟಿನಂತೆ ಹಿಡಿದಿದ್ದರು. ಎರಡನೆಯದಕ್ಕೆ ಮೈಕು ಅವರಿಗೆ ಒಗ್ಗಿತು. ಸೌಟುಗಳು ಹೋದವು, ಡಬ್ಬಿಗಳು ಹೋದವು, ಭೀಮಶಿ ಬಾರಿಸಿ ಬಾರಿಸಿ ಗಂಗಾಳಕ್ಕೆ ಹೊಸ ತಗ್ಗು ಬಿದ್ದಿತು. ಮುಖ್ಯ ಅತಿಥಿಗಳು ಹಾರ ಹಾಕಿಕೊಂಡು ಕಾಯುತ್ತಲೇ ಇದ್ದರು. ಪರಿಚಯ ಆಗಿರಲಿಲ್ಲ. ಮೇಜಿನ ಮೇಲೆ ಕುಕ್ಕರು ಒಂದೇ ಉಳಿಯಿತು.

ಕೃಷ್ಣವ್ವ: ಇದು ಕೊನೀ ಪ್ರಶ್ನಿ. ಕುಕ್ಕರಿಂದು. ಚಿತ್ತ ಇಟ್ಟ ಕೇಳ್ರಿ. ಈ ಕುರ್ಚಿ ಮ್ಯಾಲ ಹಾರ ಹಾಕ್ಕೊಂಡು ಕುಂತಾರಲ್ಲ, ಇವರ ಹೆಸರು ಏನು?

ಭರಮಪ್ಪನವರು ಬೆಚ್ಚಿದರು. ಹೆಸರು ಹೇಳದೆ ಹೆಸರು ಬರುವ ದಾರಿ ಇದು ಎಂದು ಅವರಿಗೆ ಆಗ ಹೊಳೆಯಿತು. ಆದರೂ ಸಾವಿರ ಬಾಯಿಗಳಿಂದ ಬರುತ್ತದಲ್ಲ ಎಂದು ಹಾರ ಸರಿಮಾಡಿಕೊಂಡರು.

ದೇವಕ್ಕ (ಗುಂಪಿನಿಂದ): ಕಾಕು, ನಾಲ್ಕು ಆಯ್ಕಿ ಕೊಡ್ರಿ. ಟೀವ್ಯಾಗ ಕೊಡತಾರ.

ಕೃಷ್ಣವ್ವ: ಆಯ್ಕಿ ಇಲ್ಲವಾ. ಇವರ ವಿಷಯದಾಗ ನನಗೂ ಯಾರೂ ಆಯ್ಕಿ ಕೊಟ್ಟಿರಲಿಲ್ಲ.

ದೇವಕ್ಕ: ಹಂಗಾರ ನಾ ಹೇಳತೇನಿ. ನಂಗೊತ್ತೈತಿ. ಇವರ ಹೆಸರು 'ನೋಡ್ರಿಲ್ಲೆ'.

ಸವದತ್ತಿಯ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಅವರ ಮಟ್ಟಿಗೆ ಅದು ಸರಿ ಉತ್ತರ. ಭೀಮಶಿ ಒಲ್ಲದ ಮನಸ್ಸಿನಿಂದ ಗಂಗಾಳದ ಮೇಲೆ ಸುರಿಮಳೆ ಬಾರಿಸಿದರು.

ಮಾಯವ್ವ: ಕಂಟ್ರೋಲರ್ ಸಾಹೇಬ್ರು.

ಮತ್ತೆ ಸುರಿಮಳೆ. ಹಿಂದಿನ ಸಾಲಿನಿಂದ ಬೀರವ್ವನೆಂಬ ಮುದುಕಿ ಎದ್ದಳು.

ಬೀರವ್ವ: ಬೆಳಗಾವಿ ಬಸ್ಸು ಅಂತ ಕರೀರಿ, ತಿರುಗಿ ನೋಡತಾರ.

ಬಯಲೆಲ್ಲ ನಗೆಯಲ್ಲಿ ತೇಲಿತು. ಭರಮಪ್ಪನವರು ಇನ್ನು ತಡೆಯಲಾರದೆ ಶಾಲೆಯ ಹುಡುಗನಂತೆ ಕೈ ಎತ್ತಿದರು.

ಭರಮಪ್ಪ: ನಾ ಹೇಳತೇನಿ.

ಕೃಷ್ಣವ್ವ: ಕೈ ಇಳಸ್ರಿ. ನಿರೂಪಕರ ಮನೆಯವರಿಗೆ ಬಹುಮಾನವಿಲ್ಲ.

ಭರಮಪ್ಪ: ಬಹುಮಾನ ಯಾರಿಗೆ ಬೇಕಾಗೈತಿ? ಹೆಸರಷ್ಟ ಹೇಳತೇನಿ.

ಕೃಷ್ಣವ್ವ: ಹೇಳಿದವರೇ ಒಯ್ಯಬೇಕು, ಇದು ಒಂದನೇ ನಿಯಮ. ಒಯ್ಯಾಕ ಬರಲಾರದವರು ಹೇಳಾಕೂ ಬರಂಗಿಲ್ಲ. ನಿಯಮ ಅಂದ್ರ ನಿಯಮ.

ಭರಮಪ್ಪನವರ ಕೈ ಕೆಳಗಿಳಿಯಿತು. ಮೂರು ವರ್ಷ ಪ್ರತಿ ಭಾನುವಾರ 'ನನ್ನ ಹೆಸರು ನಿಮಗೆಲ್ಲ ಗೊತ್ತೇ ಇದೆ' ಎಂದಿದ್ದರು. ಯಾರಿಗೂ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಅವರು ತುಸು ಸಣ್ಣಗಾದಂತೆ ಕಂಡಿತು. ಹಾರ ದೊಡ್ಡದಾದಂತೆ ಕಂಡಿತು. ಕೃಷ್ಣವ್ವ ಅದನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮೈಕಿನಲ್ಲಿ ಒಂದು ಕೆಮ್ಮು ಕೇಳಿಸಿತು.

ಭೀಮಶಿ: ಕೆಮ್ಮಿದ್ರು. ಮುಗೀತು ದೋಸ್ತ, ಮನಿಗೆ ನಡಿ.

ಆದರೆ ಕೆಮ್ಮು ನಿಂತಿತು.

ಕೃಷ್ಣವ್ವ: ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಕಾಸಿದರ ತುಪ್ಪ,
ಹೆಸರ ಕೇಳಾಕ ಕುಂತಾರ ನೋಡ್ರಿ, ನಮ್ಮ ಮನಿಯವರು ಭರಮಪ್ಪ.

ಬಯಲಿನಲ್ಲಿದ್ದ ಹೆಂಗಸರೆಲ್ಲ ಎದ್ದು ನಿಂತರು. ಭೀಮಶಿ ಕಣ್ಣೊರೆಸಿಕೊಂಡು ಗಂಗಾಳಕ್ಕೆ ಒಂದೇ ಒಂದು ಪೆಟ್ಟು ಹೊಡೆದರು. ಭರಮಪ್ಪನವರು ಎದ್ದು ಕೈಮುಗಿದರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು, ಉಪ್ಪುನೀರಿನಲ್ಲಿ ತೊಳೆದ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಅಷ್ಟರಲ್ಲಿ ಕೃಷ್ಣವ್ವ ಮೇಜಿನ ಮೇಲಿನ ಕುಕ್ಕರನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಭರಮಪ್ಪ: ಏ, ಅದನ್ನ ಯಾಕ ತಗೊಂಡಿ?

ಕೃಷ್ಣವ್ವ: ಸರಿ ಉತ್ತರ ಯಾರ ಹೇಳಿದ್ರು? ಹೇಳಿದವರೇ ಒಯ್ಯಬೇಕು.

ಭರಮಪ್ಪ: ಮೂರನೇ ನಿಯಮ ಐತಿ. ಬರಂಗಿಲ್ಲ.

ಕೃಷ್ಣವ್ವ: ಮೂರನೇ ನಿಯಮ ನಿರೂಪಕರ ಮನಿಯವರಿಗೆ ಐತಿ. ನಿರೂಪಕರಿಗೆ ಇಲ್ಲ. ನಿಯಮಾ ಮಾಡಿದವರು ನೀವು. ಆಗ ನಿರೂಪಕರು ನೀವ ಇದ್ರಿ, ನಿಮಗ ತಾಗದಂಗ ಕಾಳಜಿ ಇಟ್ಕೊಂಡ ಮಾಡೀರಿ.

ರೇಣು: ಬರೋಬ್ಬರಿ ಐತ್ರಿ ಕಾಕಾರ. ಸಂಘದ್ದು ತಕರಾರಿಲ್ಲ.

ಭೀಮಶಿ: ಗಂಗಾಳ ಬಾರಿಸೇನಿ ದೋಸ್ತ. ಇನ್ನ ಯಾರದೂ ತಕರಾರಿಲ್ಲ.

ಹಿಂದಿರುಗುವ ಗಾಡಿಯಲ್ಲಿ ಕೃಷ್ಣವ್ವನವರ ತೊಡೆಯ ಮೇಲೆ ಕುಕ್ಕರು, ಭರಮಪ್ಪನವರ ತೊಡೆಯ ಮೇಲೆ ಹಾರ. ಊರು ಹತ್ತಿರವಾಗುವವರೆಗೆ ಅವರು ಆ ಎರಡು ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಿರಬೇಕು, ತುಟಿ ಅಲ್ಲಾಡುತ್ತಿತ್ತು. ಆಮೇಲೆ ಮೆಲ್ಲಗೆ ಹೆಂಡತಿಯ ಕಡೆಗೆ ವಾಲಿದರು.

ಭರಮಪ್ಪ: ಏನರೆ ಇರಲಿ, ನಾಳಿಂದ ಬ್ಯಾಳಿ ಲಗೂ ಬೇಯತೈತಿ. ಊಟ ಹೊತ್ತಿಗೆ ಸರಿಯಾಗಿ ಸಿಗತೈತಿ.

ಕೃಷ್ಣವ್ವ: ಬೇಯತೈತಿ. ಆದ್ರ ಗೆದ್ದ ಕುಕ್ಕರಿನ ಬ್ಯಾಳಿ ಅಂದ್ರ ಅದೂ ಬಹುಮಾನನ. ಮನಿಯವರಿಗೆ ಇಲ್ಲ. ನಿಮಗ ಗಡಿಗಿ ಐತಿ ನೋಡ್ರಿಲ್ಲೆ.